ಎರಡು ಸಂತೆಯ ಕೆಮ್ಮು

ಆ ಡಬ್ಬಿ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು. ತಿಳಿಯಾದ ಪ್ಲಾಸ್ಟಿಕ್ಕು, ತಿರುಗಿಸಿ ಮುಚ್ಚುವ ಕೆಂಪು ಮುಚ್ಚಳ, ಹೊಟ್ಟೆಯ ಮೇಲೊಂದು ಬಿಳಿ ಸ್ಟಿಕ್ಕರ್. ಸ್ಟಿಕ್ಕರ್ ಮೇಲೆ ನಂಬರು, ಅದರ ಕೆಳಗೆ ನನ್ನ ಹ್ಯಾಂಡ್‌ರೈಟಿಂಗ್‌ನಲ್ಲಿ ಒಂದು ಹೆಣ್ಣುಮಗಳ ಹೆಸರು. ಬದುಕಿಡೀ ಬೋರ್ಡಿನ ಮೇಲೆ ಬರೆದ ಕೈ ನನ್ನದು, ಅಕ್ಷರ ಈಗಲೂ ಗುಂಡಗಿದೆ. ಆ ಗುಂಡನೆಯ ಅಕ್ಷರಗಳು ಇವತ್ತಿಗೂ ಕಣ್ಣಿಗೆ ಕಟ್ಟುತ್ತವೆ.

ದೊಡ್ಡ ಊರಿನ ಒಂದು ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಪಬ್ಲಿಕ್ ಹೆಲ್ತ್‌ನವರು ಆಂಧ್ರದ ಗಡಿಯಲ್ಲಿರುವ ನಮ್ಮ ರಾಯದುರ್ಗಕ್ಕೆ ಬಂದಾಗ ನಾನು ಇಂಗ್ಲಿಷ್ ಟೀಚರ್ ಕೆಲಸದಿಂದ ರಿಟೈರ್ ಆಗಿ ಬಹಳ ವರ್ಷಗಳಾಗಿದ್ದವು. ಮನೆಮನೆಗೆ ಹೋಗಿ ಯಾರಿಗೆ ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದೆ ಎಂದು ಕೇಳುವುದು, ಇದ್ದವರಿಂದ ಕಫ ತೆಗೆದುಕೊಂಡು ಲ್ಯಾಬಿಗೆ ಕಳಿಸುವುದು, ಊರಿನಲ್ಲಿ ಗೊತ್ತಿಲ್ಲದೆ ಓಡಾಡುತ್ತಿರುವ ಟೀಬಿ ಎಷ್ಟು ಎಂದು ತಿಳಿಯುವುದು ಅವರ ಕೆಲಸ. ಮೊದಲು ರಾಯದುರ್ಗ, ಆಮೇಲೆ ಮಡಕಶಿರ. ಪ್ರಶ್ನೆಗಳ ಹಾಳೆ ಇಂಗ್ಲಿಷಿನಲ್ಲಿತ್ತು. ಯಾರೋ ಅದನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಂದಿದ್ದರು. ‘ಅವಧಿ’, ‘ನಿರಂತರ’ ಎಂದೆಲ್ಲ ಓದಿದರೆ ನಮ್ಮ ಓಣಿಯ ಹೆಂಗಸರು ಸುಮ್ಮನೆ ಮುಖ ನೋಡುತ್ತಿದ್ದರು. ಆಗ ಯಾರೋ ನನ್ನ ಮನೆ ತೋರಿಸಿದ್ದಾರೆ.

ನಾನು ಆ ಹಾಳೆಯನ್ನು ಪಕ್ಕಕ್ಕಿಟ್ಟೆ. ನಮ್ಮವರಿಗೆ ವಾರ ಅಂದರೆ ಸಂತೆ. ಕೆಮ್ಮು ಬಂದಮೇಲೆ ಎಷ್ಟು ಸಂತೆ ಆದವು ಎಂದು ಕೇಳಿದೆ. ಬೆರಳು ಮಡಿಸಿ ಸರಿಯಾಗಿ ಹೇಳಿದರು. ಒಂದು ಸಂತೆ ಅಂದವರಿಗೆ ಬಿಸಿನೀರು ಕುಡಿಯಲು ಹೇಳಿ ಮುಂದೆ ಹೋಗುತ್ತಿದ್ದೆವು, ಎರಡು ಸಂತೆ ದಾಟಿದವರಿಗೆ ಡಬ್ಬಿ. ನನ್ನ ಜೊತೆಗಿದ್ದ ಹುಡುಗಿ ಆ ಸ್ಕೂಲಿನಲ್ಲೇ ಎಂ.ಪಿ.ಎಚ್. ಓದುತ್ತಿದ್ದವಳು, ಚುರುಕು. ‘ಎರಡು ಸಂತೆ’ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಳು. ನನಗೆ ಹೆಮ್ಮೆಯಾಯಿತು. ಅದಕ್ಕಿಂತ ದೊಡ್ಡ ಆಸೆ ಇನ್ನೊಂದಿತ್ತು: ರಾಯದುರ್ಗ ಮುಗಿಸಿ ಇವರ ಜೀಪಿನಲ್ಲಿ ಮಡಕಶಿರಕ್ಕೆ ಹೋಗುವುದು. ಅದು ನನ್ನ ತವರು. ಬೆಟ್ಟ, ಬೆಟ್ಟದ ಮೇಲಿನ ಕೋಟೆ, ಅದರ ಬುಡದಲ್ಲಿ ಹಿಪ್ಪುನೇರಳೆ ಸೊಪ್ಪು ಹೊತ್ತು ಬರುವ ಹೆಂಗಸರು. ಅಲ್ಲಿ ನನ್ನವರು ಅಂತ ಈಗ ಯಾರೂ ಇಲ್ಲ. ಆದರೂ ಕೆಲಸದ ನೆಪದಲ್ಲಿ ಆ ಬೀದಿಗಳಲ್ಲಿ ಒಂದೊಂದು ಬಾಗಿಲು ತಟ್ಟಿ, ನಾನು ಹುಟ್ಟಿದ ಮನೆಯ ಮಾತಿನಲ್ಲಿ ಪ್ರಶ್ನೆ ಕೇಳುವ ಕನಸು ಕಾಣುತ್ತಿದ್ದೆ.

ನನಗೂ ಕೆಮ್ಮಿತ್ತು. ಚಾಕ್ ಡಸ್ಟ್ ಎಂದುಕೊಂಡಿದ್ದೆ, ವಯಸ್ಸು ಎಂದುಕೊಂಡಿದ್ದೆ. ಸರ್ವೆಗೆ ಆಯ್ದ ಓಣಿಗಳಲ್ಲಿ ನಮ್ಮದು ಇರಲಿಲ್ಲ, ಹಾಗಾಗಿ ನನ್ನನ್ನು ಯಾರೂ ಕೇಳಲಿಲ್ಲ. ಊರಿನವರ ಸಂತೆಗಳನ್ನೆಲ್ಲ ಎಣಿಸಿದ ನಾನು ನನ್ನ ಸಂತೆಗಳನ್ನು ಎಣಿಸಿರಲಿಲ್ಲ.

ನಮ್ಮ ಹಿಂದಿನ ಓಣಿಯಲ್ಲಿ ಜೀನ್ಸ್ ಹೊಲಿಯುವ ಒಂದು ಮನೆ. ಪಡಸಾಲೆಯಲ್ಲಿ ಮೂರು ಕರೆಂಟ್ ಮಿಷನ್ನು, ಮೂಲೆಯಲ್ಲಿ ನೀಲಿ ಬಟ್ಟೆಯ ಗುಡ್ಡೆ. ಮನೆಯ ಯಜಮಾನರು ಹಣೆತುಂಬ ವಿಭೂತಿ ಧರಿಸಿ ಕಟ್ಟೆಯ ಮೇಲೆ ಕುಳಿತು ಹೊಲಿದ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದರು. ಹೆಂಡತಿ, ಮಗ ಮಿಷನ್ನಿನ ಮುಂದೆ. ಸೊಸೆ ಮಡಕಶಿರದ ಕಡೆಯವಳು, ಐದು ತಿಂಗಳ ಹೆಣ್ಣುಕೂಸಿನ ತಾಯಿ. ಬಾಣಂತನ ಮುಗಿಸಿ ಗಂಡನ ಮನೆಗೆ ಬಂದು ಎರಡು ತಿಂಗಳಾಗಿತ್ತು. ನಾವು ಹೋದಾಗ ಅವಳು ಸೆರಗಿನ ಹಿಂದೆ ಸಣ್ಣಗೆ ಕೆಮ್ಮಿದಳು. ಎಷ್ಟು ಸಂತೆ ಎಂದರೆ ಮೂರು ಬೆರಳು ತೋರಿಸಿದಳು.

“ಅದೇನು ಬರಕೋತೀರಿ ಬಿಡ್ರಿ ಟೀಚರಮ್ಮ,” ಎಂದಳು ಅತ್ತೆ ಮಿಷನ್ನು ನಿಲ್ಲಿಸದೆ. “ಈ ನೀಲಿ ಧೂಳು ಕುಡದು ಕುಡದು ನಮ್ಮನಿ ಗ್ವಾಡಿನೂ ಕೆಮ್ಮತಾವ. ಅವಕ್ಕೂ ಒಂದೊಂದು ಡಬ್ಬಿ ಕೊಟ್ಟ ಹೋಗ್ರಿ.”

ಎಲ್ಲರೂ ನಕ್ಕೆವು. ಸೊಸೆ ಡಬ್ಬಿ ಹಿಡಿದು ಹಿತ್ತಲಿಗೆ ಹೋಗಿ ಬಂದಳು. ಅದರಲ್ಲಿ ನೀರಿನಂಥ ಎಂಜಲು ಬಿಟ್ಟರೆ ಏನೂ ಇರಲಿಲ್ಲ. ಎಂಜಲು ನಡೆಯುವುದಿಲ್ಲ, ಬೆಳಗ್ಗೆ ಎದ್ದ ಕೂಡಲೇ ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು ಎಂದು ವಿದ್ಯಾರ್ಥಿನಿ ವಿವರಿಸಿದಳು. ಮರುದಿನ ಅವಳು ಭೈರವಾನಿತಿಪ್ಪದ ಕಡೆಯ ಹಳ್ಳಿಗಳಿಗೆ ಹೋಗಬೇಕಿತ್ತು. ಇದೊಂದು ಸ್ಯಾಂಪಲ್ ನೀವೇ ತಂದು ಐಸ್ ಬಾಕ್ಸಿನಲ್ಲಿಡಿ ಮ್ಯಾಮ್ ಎಂದು ನನಗೆ ಒಪ್ಪಿಸಿದಳು.

ಬೆಳಕು ಹರಿದಮೇಲೆ ಹೋದೆ. ಆ ಸೊಸೆ ಹುಡುಗಿ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಡಬ್ಬಿ ಹಿಡಿದು ನಿಂತಿದ್ದಳು. ಪಕ್ಕದಲ್ಲೇ ದೇವರ ಕೋಣೆಯ ಕಿಟಕಿ. ಒಳಗೆ ಮಾವ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಪೂಜೆಗೆ ಕುಳಿತಿದ್ದು ನಮಗೆ ಕಾಣುತ್ತಿತ್ತು. ನಮ್ಮ ಕಡೆ ಜಗಳ ಶುರುವಾಗುವುದೇ ಒಬ್ಬರು ಇನ್ನೊಬ್ಬರ ಅಂಗಳದಲ್ಲಿ ಕ್ಯಾಕರಿಸುವುದರಿಂದ. ಆ ಸದ್ದಿಗೆ ಬೇರೆ ಅರ್ಥವಿಲ್ಲ, ನಿನ್ನ ಮುಖಕ್ಕಿಷ್ಟು ಅಂತಲೇ. ಚಿಕ್ಕ ವಯಸ್ಸಿನ ಸೊಸೆ ಪೂಜೆಗೆ ಕುಳಿತ ಮಾವನ ಕಿಟಕಿಯ ಕೆಳಗೆ ಆ ಸದ್ದು ಮಾಡುವುದು ಹೇಗೆ?

“ಆಗಲ್ಲ ಕಣಮ್ಮ,” ಎಂದಳು ಪಿಸುಮಾತಿನಲ್ಲಿ. “ಗಂಟ್ಲಾಗೆ ಬರ್ತೈತೆ, ಸದ್ದಾಗ್ತೈತೆ ಅಂತ ಅಲ್ಲೇ ನಿಂತೋಗ್ತೈತೆ. ಮಾವ ಅಲ್ಲೇ ಕೂತವ್ರೆ.”

ನನ್ನ ತವರಿನ ಮಾತು. ಎಷ್ಟು ವರ್ಷವಾಗಿತ್ತೋ ಆ ರಾಗವನ್ನು ಅಷ್ಟು ಹತ್ತಿರದಿಂದ ಕೇಳಿ. ಕೂಸನ್ನು ನನ್ನ ಹೆಗಲಿಗೆ ಹಾಕಿಕೊಂಡು, ಇನ್ನೊಂದು ಸಲ ಪ್ರಯತ್ನ ಮಾಡು ಎಂದೆ. ಕೂಸು ನನ್ನ ಕುತ್ತಿಗೆಗೆ ಮೂಗು ಒತ್ತಿ ಮಲಗಿತು, ಹಾಲಿನ ವಾಸನೆ, ಹರಳೆಣ್ಣೆಯ ವಾಸನೆ. ಹುಡುಗಿ ಬಗ್ಗಿದಳು, ಮುಖ ಕೆಂಪಗಾಯಿತು, ಮತ್ತೆ ಅದೇ ಎಂಜಲು. ಕಣ್ಣಲ್ಲಿ ನೀರು. ಆಗ ನನಗೇ ಕೆಮ್ಮು ಬಂತು. ಬಾಯಿಗೆ ಕರ್ಚೀಫ್ ಹಿಡಿದೆ. ಕಾನ್ವೆಂಟಿನಲ್ಲಿ ನಮಗೆ ಹೇಳಿಕೊಟ್ಟಿದ್ದು ಅಷ್ಟೇ: ಸದ್ದಾಗಬಾರದು, ಉಗುಳಬಾರದು, ಲೇಡಿಲೈಕ್ ಆಗಿ ನುಂಗಿಕೊಳ್ಳಬೇಕು.

ಇಷ್ಟೇ ಸಾಕು ಬಿಡು, ಏನೂ ಆಗಲ್ಲ ಎಂದು ಕೂಸನ್ನು ಅವಳ ಕೈಗೆ ಕೊಟ್ಟು ಡಬ್ಬಿ ತೆಗೆದುಕೊಂಡೆ. ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಜೀನ್ಸಿನ ಚೂರುಗಳ ಗುಡ್ಡೆಯ ಹಿಂದೆ ನಿಂತು, ಅವಳ ಎಂಜಲನ್ನು ಮಣ್ಣಿಗೆ ಚೆಲ್ಲಿ, ನನ್ನ ಕೆಮ್ಮಿನ ಕಫವನ್ನು ಅದಕ್ಕೆ ತುಂಬಿಸಿ ಮುಚ್ಚಳ ತಿರುವಿದೆ.

ಯಾಕೆ ಹಾಗೆ ಮಾಡಿದೆ? ಪಾಸಾಗಲು ಒಂದೆರಡು ಮಾರ್ಕು ಕಡಿಮೆ ಬಿದ್ದ ಹುಡುಗಿಗೆ ಗ್ರೇಸ್ ಮಾರ್ಕು ಹಾಕಿ ಕಳಿಸುತ್ತಿದ್ದೆನಲ್ಲ, ಹಾಗೆ. ಅವಳ ಕೆಮ್ಮು ಬಟ್ಟೆಯ ಧೂಳಿನದು, ನನ್ನದು ಚಾಕಿನದು. ಯಾರದಾದರೂ ನೆಗೆಟಿವ್ ಬರುತ್ತದೆ, ಹುಡುಗಿ ಈ ಸಂಕಟದಿಂದ ಪಾರಾಗುತ್ತಾಳೆ, ನನ್ನ ಡ್ಯೂಟಿ ಮುಗಿಯುತ್ತದೆ. ಅಷ್ಟೇ ನಾನು ಯೋಚಿಸಿದ್ದು.

ಮೂರನೆಯ ದಿನ ಸಂಜೆ ಟ್ಯೂಷನ್ ಮಕ್ಕಳು ಚಾಪೆಯ ಮೇಲೆ ಕುಳಿತಿದ್ದರು, ಒಂಬತ್ತು ಮಕ್ಕಳು. ಗಾಳಿಗೆ ಹಾಳೆ ಹಾರುತ್ತವೆಂದು ಕಿಟಕಿ ಹಾಕಿದ್ದೆ. ಫೋನ್ ಬಂತು.

“ಮ್ಯಾಮ್, ಜೀನ್ಸ್ ಮನೆಯ ಸೊಸೆಯದು ಪಾಸಿಟಿವ್.”

ಮಾತ್ರೆ ನಾಳೆಯೇ ಶುರು ಮಾಡುತ್ತಾರೆ, ಆರು ತಿಂಗಳು, ಗುಣವಾಗುವ ಕಾಯಿಲೆ ಎಂದು ಅವಳು ಹೇಳುತ್ತಿದ್ದಳು. ನಾನು ಮಕ್ಕಳನ್ನು ನೋಡುತ್ತಿದ್ದೆ. ಮುಂದಿನ ಸಾಲಿನ ಚಿಕ್ಕವಳು ಪೆನ್ಸಿಲ್ ಕಚ್ಚುತ್ತ ನನ್ನನ್ನೇ ನೋಡುತ್ತಿದ್ದಳು. ಎಷ್ಟು ಸಂಜೆ, ಈ ಮುಚ್ಚಿದ ಕೋಣೆಯಲ್ಲಿ, ಈ ಮಕ್ಕಳ ಮುಖದ ಮುಂದೆ ನಾನು ಪೊಯೆಮ್ ಓದಿ ಕೆಮ್ಮಿದ್ದೆ? ಎಲ್ಲ ಕಿಟಕಿ ತೆರೆದೆ. ಇವತ್ತು ಸಾಕು ಹೋಗಿ ಎಂದು ಕಳಿಸಿಬಿಟ್ಟೆ. ಮಕ್ಕಳು ಖುಷಿಯಿಂದ ಮೆಟ್ಟಿಲಿಳಿದು ಓಡಿದರು.

ನಾನು ಹಾಸ್ಟೆಲಿನಲ್ಲಿದ್ದಾಗ ಎರಡು ಜಡೆಯ ಒಬ್ಬಳು ಸೀನಿಯರ್ ಇದ್ದಳು, ಹಾರ್ಮೋನಿಯಂ ನುಡಿಸುತ್ತಿದ್ದವಳು. ಒಂದು ದಿನ ಅವಳನ್ನು ಕಾರಿಡಾರಿನ ತುದಿಯ ಸಿಕ್ ರೂಮಿಗೆ ಸೇರಿಸಿದರು. ಮರುವಾರ ಅವಳ ತಂದೆ ಬಂದು ಕರೆದುಕೊಂಡು ಹೋದರು. ಅಡುಗೆಮನೆಯ ಹಿಂದೆ ಅವಳ ಹಾಸಿಗೆಯನ್ನು ಸುಟ್ಟರು. ಅವಳಿಗಾಗಿ ಪ್ರೇಯರ್ ಮಾಡೋಣ ಎಂದರು ಸಿಸ್ಟರ್, ಕಾಯಿಲೆಯ ಹೆಸರು ಹೇಳಲಿಲ್ಲ. ಅವಳ ಇನಾಮೆಲ್ ಮಗ್ಗು ಮಾತ್ರ ಬಹಳ ದಿನ ಶೆಲ್ಫಿನಲ್ಲೇ ಇತ್ತು, ಯಾರೂ ಮುಟ್ಟುತ್ತಿರಲಿಲ್ಲ. ಆ ಸಂಜೆ ನನ್ನ ಕಣ್ಣ ಮುಂದೆ ಬಂದದ್ದು ಆ ಮಗ್ಗು.

ನಾನು ತಕ್ಷಣ ಹೇಳಬೇಕಿತ್ತು. ಹೇಳಲಿಲ್ಲ. ಒಂದು ದಿನ ಪೂರ್ತಿ ಬಾಗಿಲು ಹಾಕಿಕೊಂಡು ಕುಳಿತೆ. ಒಂದು ಕ್ಷಣ, ಆ ಹುಡುಗಿ ಆರು ತಿಂಗಳು ಬೇಡದ ಮಾತ್ರೆ ನುಂಗಿದರೆ ಏನಾಗಿಬಿಡುತ್ತದೆ, ನಾನು ಬೇರೆ ಯಾವುದಾದರೂ ಊರಿನಲ್ಲಿ ಗುಟ್ಟಾಗಿ ತೋರಿಸಿಕೊಂಡರಾಯಿತು ಎಂದು ಕೂಡ ಯೋಚಿಸಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಯೋಚಿಸಿದ್ದು ನಿಜ.

ಅದರ ಮರುದಿನ ತಡೆಯಲಾರದೆ ಆ ಮನೆಗೆ ಹೋದೆ. ಮೂರೂ ಮಿಷನ್ನು ನಿಂತಿದ್ದವು. ಹುಡುಗಿಯನ್ನು ಹಿತ್ತಲಿನ ತಗಡಿನ ಮಾಡಿನ ಕೆಳಗೆ ಕೂರಿಸಿದ್ದರು. ಪಕ್ಕದಲ್ಲಿ ಬೇರೆ ತಟ್ಟೆ, ಬೇರೆ ಲೋಟ. ಒಳಗೆ ಕೂಸು ಬಾಟಲಿಯ ಹಾಲನ್ನು ಉಗುಳಿ ಉಗುಳಿ ಅಳುತ್ತಿತ್ತು. ಇವಳ ರವಿಕೆ ಎದೆಹಾಲಿನಿಂದ ನೆನೆದು ಅಂಟಿಕೊಂಡಿತ್ತು. ಬಾಯಿಗೆ ಬಟ್ಟೆ ಕಟ್ಟಿಕೊಂಡು ತಾಯಿ ಹಾಲು ಕುಡಿಸಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದ್ದರಂತೆ. ಆದರೆ ಅತ್ತೆಯ ತೀರ್ಮಾನ ಬೇರೆಯಾಗಿತ್ತು. ಮಡಕಶಿರದ ಹತ್ತಿರದ ಗುಡಿಬಂಡೆಗೆ, ಹುಡುಗಿಯ ಅಣ್ಣನಿಗೆ, ಫೋನ್ ಹೋಗಿತ್ತು. ನಾಳೆ ಬೆಳಗಿನ ಕಲ್ಯಾಣದುರ್ಗದ ಬಸ್ಸಿಗೆ ಅವಳು ಅಣ್ಣನ ಜೊತೆ ಮಡಕಶಿರಕ್ಕೆ, ತವರಿಗೆ. ಕೂಸು ಇಲ್ಲಿಯೇ ಇರಬೇಕು. ಯಾವಾಗ ವಾಪಸ್ಸು ಎಂದು ಯಾರೂ ಹೇಳಿರಲಿಲ್ಲ.

ಅತ್ತೆ ಕೆಟ್ಟವಳಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ತಗ್ಗಿದ ದನಿಯಲ್ಲಿ ಹೇಳಿದಳು: “ನನ್ನ ತಂಗಿ ಇದರಾಗ ಹೋದ್ಲ್ರಿ ಟೀಚರಮ್ಮ. ಕೂಸಿಗೆ ಕುಡಿಸಿಕೋತನ ಹೋದ್ಲು. ಆಕಿ ಹಿಂದ ಕೂಸೂ ಹೋತು. ನಾ ಇನ್ನೊಮ್ಮೆ ಅದನ್ನ ನೋಡಂಗಿಲ್ಲ.”

ಹಿತ್ತಲಿನಿಂದ ಹುಡುಗಿ ನನ್ನನ್ನು ಕಂಡು ಎದ್ದಳು, ಹತ್ತಿರ ಬರಲಿಲ್ಲ.

“ನೀವೇ ಅಂದ್ರಲ್ಲಮ್ಮ ಏನೂ ಆಗಲ್ಲ ಅಂತ. ಮಗೂನ ಬಿಟ್ಟು ನಾನೆಂಗೋಗ್ಲಿ?”

ಬಾಯಿ ತೆರೆದೆ. ಮಾತಿನ ಬದಲು ಕೆಮ್ಮು ಬಂತು. ಅದನ್ನು ಕರ್ಚೀಫಿನಲ್ಲಿ ಅದುಮಿಕೊಂಡು ಹೊರಗೆ ಓಡಿಬಂದೆ. ಒಳಗಿನ ಅಳು ಓಣಿಯ ತಿರುವಿನ ತನಕ ಕೇಳಿಸುತ್ತಿತ್ತು. ಅಲ್ಲಿಯವರೆಗೆ ನನ್ನ ಕಾಯಿಲೆಗೆ ನಾನು ಹೆದರಿದ್ದೆ, ನನ್ನ ಮರ್ಯಾದೆಗೆ ಹೆದರಿದ್ದೆ. ಆ ತಿರುವಿನಲ್ಲಿ ನಿಂತಾಗ ಮೊದಲ ಸಲ ಆ ಕೂಸಿಗಾಗಿ ಹೆದರಿದೆ. ಅದರ ಮೂಗು ನನ್ನ ಕುತ್ತಿಗೆಗೆ ತಾಗಿತ್ತು.

ಮರುದಿನ ಬೆಳಗ್ಗೆ ವಿದ್ಯಾರ್ಥಿನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮಾಸ್ಕ್ ಹಾಕಿಕೊಂಡು ಆ ಮನೆಯ ಹೊರಗೆ ನಿಂತಿರಿ, ಒಳಗೆ ಹೋಗಬೇಡಿ, ನಾನು ಬರುತ್ತೇನೆ ಎಂದಳು.

ನಾನು ಹೋದಾಗ ಅಣ್ಣ ಬ್ಯಾಗು ಹಿಡಿದು ಬೀದಿಯಲ್ಲಿ ನಿಂತಿದ್ದ. ಮಾವ ಕಟ್ಟೆಯ ಮೇಲಿದ್ದರು. ಅತ್ತೆ ಕೂಸನ್ನೆತ್ತಿಕೊಂಡು ಬಾಗಿಲಲ್ಲಿದ್ದಳು. ಬೀದಿಯ ಈಚೆ ಬದಿಯಿಂದಲೇ ಹೇಳಿದೆ: ಡಬ್ಬಿಯಲ್ಲಿದ್ದ ಕಫ ನನ್ನದು, ಕಾಯಿಲೆ ನನ್ನದು, ಹುಡುಗಿಯನ್ನು ಕಳಿಸಬೇಡಿ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನಿಮ್ಮ ತವರೂರ ಹುಡುಗಿ ಅಂತ ಸುಳ್ಳು ಹೇಳಾಕ ಬಂದೀರಿ. ಕಾನ್ವೆಂಟಿನಾಗ ಓದಿದಾಕಿ, ಮಂದಿ ಹಿತ್ತಲದಾಗ ಹೋಗಿ ಉಗುಳ್ತೀರೇನು ನೀವು? ಯಾರು ನಂಬತಾರ್ರಿ?”

ನಾನು ಹೆದರಿದ್ದು ನೂರೆಂಟಕ್ಕೆ. ನಿಜ ಹೇಳಿದರೆ ನಂಬಲಾರರು ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದ ಅಣ್ಣ. ಒಳಗಿನಿಂದ ಹುಡುಗಿ ಚಪ್ಪಲಿ ಮೆಟ್ಟಿಕೊಂಡು ಬಂದು ನಿಂತಿದ್ದಳು. ಅಷ್ಟರಲ್ಲಿ ಆಟೋದಿಂದ ವಿದ್ಯಾರ್ಥಿನಿ ಇಳಿದಳು. ಕೈಯಲ್ಲಿ ಎರಡು ಹೊಸ ಡಬ್ಬಿ. ನನ್ನ ಕಡೆ ನೋಡಲಿಲ್ಲ. ಅತ್ತೆಗೆ, ಇಲ್ಲಿ ಎಲ್ಲರಿಗೂ ತಿಳಿಯುವ ತೆಲುಗಿನಲ್ಲಿ, ನಿಧಾನವಾಗಿ ಹೇಳಿದಳು: ಇಬ್ಬರೂ ಈಗಲೇ ಕೊಡಲಿ, ನನ್ನ ಕಣ್ಣೆದುರಿಗೇ. ರಿಸಲ್ಟ್ ಬರುವ ತನಕ ಬಸ್ಸು ಬೇಡ.

ಮೊದಲು ನಾನು. ಬೀದಿಯ ಮಧ್ಯೆ ನಿಂತೆ. ಎದುರಿಗೆ ವಿಭೂತಿಯ ಹಿರಿಯರು, ಅಕ್ಕಪಕ್ಕದ ಕಟ್ಟೆಗಳಲ್ಲಿ ನನ್ನ ಹತ್ತಿರ ಎ ಬಿ ಸಿ ಡಿ ಕಲಿತ ಹೆಂಗಸರು. ಉಸಿರು ಎಳೆದು, ಹುಟ್ಟಿದಾಗಿನಿಂದ ನುಂಗಿಕೊಂಡು ಬಂದಿದ್ದನ್ನೆಲ್ಲ ಒಟ್ಟಿಗೆ ಎಳೆದ ಹಾಗೆ ಕ್ಯಾಕರಿಸಿದೆ. ಆ ಸದ್ದು ನನ್ನದೆಂದು ನನಗೇ ನಂಬಿಕೆಯಾಗಲಿಲ್ಲ. ಹಿರಿಯರು ಮುಖ ಪಕ್ಕಕ್ಕೆ ತಿರುಗಿಸಿದರು. ಡಬ್ಬಿಯಲ್ಲಿ ಕಫದ ಜೊತೆ ಒಂದು ಸಣ್ಣ ಕೆಂಪು ಎಳೆ ಕಂಡಿತು. ವಿದ್ಯಾರ್ಥಿನಿ ಅದನ್ನು ಕಂಡಳು, ಅತ್ತೆಯೂ ಕಂಡಳು. ಆಮೇಲೆ ಅವಳು ನನ್ನನ್ನು ಸುಳ್ಳುಗಾತಿ ಎನ್ನಲಿಲ್ಲ.

ಹುಡುಗಿಯ ಸರದಿ. ವಿದ್ಯಾರ್ಥಿನಿಯ ಜೊತೆ ಹಿತ್ತಲಿಗೆ ಹೋದಳು, ಖಾಲಿ ಡಬ್ಬಿ ಹಿಡಿದು ವಾಪಸ್ಸು ಬಂದಳು. ಮತ್ತೆ ಅದೇ. ಆಗ ಅತ್ತೆ ಕೂಸನ್ನು ಅಣ್ಣನ ಕೈಗೆ ಕೊಟ್ಟು, ಗಂಡನಿಗೆ, “ನೀವು ಆ ಮೂಲಿ ತನಕ ಹೋಗಿ ಬರ್ರಿ,” ಎಂದಳು. ಹಿರಿಯರು ಎದ್ದು ಹೋದರು. ಅವಳು ಒಳಗೆ ಹೋಗಿ ದೇವರ ಕೋಣೆಯ ಕಿಟಕಿ ಮುಚ್ಚಿದಳು. ಮಗನನ್ನು ಒಂದು ಮಿಷನ್ನಿಗೆ ಕೂರಿಸಿ ತಾನೊಂದಕ್ಕೆ ಕುಳಿತಳು. ಎರಡೂ ಮಿಷನ್ನು ಒಟ್ಟಿಗೆ ಗುರ್ರೆಂದವು. ಬಟ್ಟೆಯೇ ಇಲ್ಲ, ಬರೀ ಸೂಜಿ ಓಡುತ್ತಿತ್ತು.

“ಈಗ ಎಷ್ಟ ಬೇಕಾದ್ರೂ ಕೆಮ್ಮವಾ,” ಎಂದು ಹಿತ್ತಲಿಗೆ ಕೂಗಿದಳು. “ಯಾಕ ನಾಚತಿ, ಯಾರಿಗೂ ಕೇಳಂಗಿಲ್ಲ.”

ಆ ಸದ್ದಿನ ಮರೆಯಲ್ಲಿ, ವಿದ್ಯಾರ್ಥಿನಿಯ ಎದುರಿಗೇ, ಹುಡುಗಿ ಕೆಮ್ಮಿ ತೆಗೆದಳು. ಬೇಕಾಗಿದ್ದದ್ದು ಅಷ್ಟೇ: ಎರಡು ಮಿಷನ್ನಿನ ಸದ್ದು. ಅದನ್ನು ನಾನು ಮೊದಲ ದಿನವೇ ಕೇಳಬಹುದಿತ್ತು. ವಿದ್ಯಾರ್ಥಿನಿ ನೋಟ್‌ಬುಕ್ ತೆಗೆದು ಅದನ್ನೂ ಬರೆದುಕೊಂಡಳು. ಈ ಸಲ ನನಗೆ ಹೆಮ್ಮೆಯಾಗಲಿಲ್ಲ.

ಬಸ್ಸು ಹೋಯಿತು. ಅಣ್ಣ ಉಳಿದ. ರಿಸಲ್ಟ್ ಬರಲು ಮರುದಿನ ಮಧ್ಯಾಹ್ನವಾಯಿತು. ಅಲ್ಲಿಯವರೆಗೆ ನಾನು ಒಂದೇ ಲೆಕ್ಕ ಹಾಕುತ್ತಿದ್ದೆ: ಇಬ್ಬರದೂ ಪಾಸಿಟಿವ್ ಬಂದರೆ? ನನ್ನಿಂದಲೇ ಅವಳಿಗೆ ತಾಗಿದ್ದರೆ? ನೆಗೆಟಿವ್ ಬಂದರೂ ಅತ್ತೆ ನಂಬದಿದ್ದರೆ? ಫೋನ್ ಮೊಳಗಿದಾಗ ಎತ್ತಲು ಕೈ ಬರಲಿಲ್ಲ, ಎರಡನೆಯ ಸಲಕ್ಕೆ ಎತ್ತಿದೆ. ನನ್ನದು ಪಾಸಿಟಿವ್. ಹುಡುಗಿಯದು ನೆಗೆಟಿವ್, ಎಕ್ಸ್‌ರೇ ಕೂಡ ಕ್ಲಿಯರ್, ಅವಳ ಮಾತ್ರೆ ನಿಲ್ಲಿಸಿದರು. ಅವತ್ತು ಸಂಜೆ ಹಿಂದಿನ ಓಣಿಯಲ್ಲಿ ಕೂಸಿನ ಅಳು ಕೇಳಲಿಲ್ಲ. ಹಾಲು ಸಿಕ್ಕಿರಬೇಕು ಎಂದುಕೊಂಡೆ.

ನಾನು ಮುಟ್ಟಿದ ಡಬ್ಬಿಗಳನ್ನೆಲ್ಲ ಎಸೆದು ಆ ಮನೆಗಳಿಗೆಲ್ಲ ವಿದ್ಯಾರ್ಥಿನಿ ಮತ್ತೆ ಹೋಗಬೇಕಾಯಿತು. ಒಂದು ಡಬ್ಬಿ ಸುಳ್ಳಾದರೆ ಇಡೀ ಓಣಿ ಸುಳ್ಳಾಗುತ್ತದೆ ಮ್ಯಾಮ್ ಎಂದಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಡಕಶಿರಕ್ಕೆ ಅವರು ನನ್ನನ್ನು ಬಿಟ್ಟು ಹೋದರು. ಅಲ್ಲಿಂದ ಒಂದೆರಡು ಸಲ ಅವಳು ಫೋನ್ ಮಾಡಿ, ಇಲ್ಲಿ ಇದಕ್ಕೆ ಏನನ್ನುತ್ತಾರೆ ಎಂದು ಮಾತು ಕೇಳಿದಳು, ಹೇಳಿದೆ. ಹಿಂದೆ ಬೆಟ್ಟ ಕಾಣುತ್ತಿದೆಯಾ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಟ್ಯೂಷನ್ ಮಕ್ಕಳನ್ನೆಲ್ಲ ಪರೀಕ್ಷೆ ಮಾಡಿದರು. ಯಾರಿಗೂ ಇಲ್ಲ. ಇಬ್ಬರು ತಾಯಂದಿರು ನನ್ನ ಮಹಡಿಯ ಕೆಳಗೆ ನಿಂತು ಬಾಯಿಗೆ ಬಂದಂತೆ ಅಂದು ಹೋದರು, ಅದು ನ್ಯಾಯವೇ. ಚಾಪೆ ಸುತ್ತಿಟ್ಟಿದ್ದೇನೆ. ಕಿಟಕಿಗಳು ಹಗಲಿಡೀ ತೆರೆದಿರುತ್ತವೆ. ಮಾತ್ರೆ ನಾಲ್ಕು ತಿಂಗಳದು ಮುಗಿದಿದೆ, ಎರಡು ತಿಂಗಳದು ಬಾಕಿ. ತೂಕ ಹೆಚ್ಚುತ್ತಿದೆ ಎನ್ನುತ್ತಾರೆ.

ಕೂಸಿಗೂ ಏನೂ ಕಾಣಲಿಲ್ಲ. ಆದರೂ ಚಿಕ್ಕ ಮಕ್ಕಳಲ್ಲಿ ಇದು ಅಡಗಿ ಕೂತು ಆಮೇಲೆ ಏಳಬಹುದಂತೆ. ಮುನ್ನೆಚ್ಚರಿಕೆಗೆ ಔಷಧಿ ಕೊಟ್ಟು, ಎರಡು ವರ್ಷ ಕಣ್ಣಿಟ್ಟಿರಿ ಎಂದಿದ್ದಾರೆ ಡಾಕ್ಟರು. ಎರಡು ವರ್ಷ ಅಂದರೆ ನೂರು ಸಂತೆಯ ಮೇಲಾಯಿತು.

ಆ ಹುಡುಗಿ ಬಹಳ ದಿನ ನನ್ನ ಓಣಿಗೆ ಕಾಲಿಡಲಿಲ್ಲ. ಆಮೇಲೊಂದು ಸಂತೆಯ ದಿನ, ಕೂಸನ್ನು ಸೊಂಟಕ್ಕಿಟ್ಟುಕೊಂಡು, ಕೈಚೀಲ ಹಿಡಿದು, ನನ್ನ ಕಿಟಕಿಯ ಎದುರು ಬೀದಿಯ ಆಚೆ ಬದಿಗೆ ನಿಂತಳು. ನಾನು ಮಾಸ್ಕ್ ಹಾಕಿಕೊಂಡು ಕಿಟಕಿಗೆ ಬಂದೆ. ನಮಸ್ಕಾರವಿಲ್ಲ, ನಗುವಿಲ್ಲ.

“ಮಗೂಗೆ ಈ ಸಂತೇಗೂ ಕೆಮ್ಮಿಲ್ಲ ಕಣಮ್ಮ,” ಎಂದಳು. ಹೋದಳು.

ಅಂದಿನಿಂದ ಪ್ರತಿ ಸಂತೆಗೂ ಬಂದು ಅಷ್ಟೇ ಹೇಳಿ ಹೋಗುತ್ತಾಳೆ. ಕ್ಷಮಿಸಿದ್ದಾಳೋ, ಮರೆಯಬೇಡ ಎನ್ನುತ್ತಿದ್ದಾಳೋ ನನಗೆ ತಿಳಿಯದು. ಸಂತೆಯ ದಿನ ಬೆಳಗ್ಗೆಯಿಂದಲೇ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಅವಳು ಬರುವುದು ಸ್ವಲ್ಪ ತಡವಾದರೆ ಎದ್ದು ಕಂಬಿ ಹಿಡಿದು ಓಣಿಯ ತಿರುವನ್ನೇ ನೋಡುತ್ತೇನೆ. ಹದಿನಾಲ್ಕು ಸಂತೆ ಆದವು. ನಾಳೆ ಹದಿನೈದನೆಯದು.